ಹೆರಾಲ್ಡ್ ಕಾರಿನ ರಬ್ಬರ್ ಬದಲಿಸಿದ ಕಥೆ: ಆರು ಭಾನುವಾರ, ಅವಸರದಲ್ಲಿ ಬಂದ ಮಳೆ

2024ರ ಜುಲೈಯಲ್ಲಿ ಕಾರಿನ ಒಳಗಿಂದ ಹನ್ನೊಂದು ಚೊಂಬು ನೀರು ಮೊಗೆದು ಹೊರಗೆ ಚೆಲ್ಲಿದ್ದೆ. ಎಣಿಸಿದ್ದು ಮಗಳು. ಅವತ್ತೇ ತೀರ್ಮಾನ ಮಾಡಿದ್ದೆ, ಮುಂದಿನ ಮಳೆಗಾಲದೊಳಗೆ ಇದರ ಬಾಗಿಲು, ಗಾಜಿನ ಸುತ್ತಲಿನ ರಬ್ಬರ್ ಎಲ್ಲಾ ಬದಲಾಯಿಸಬೇಕು ಅಂತ. ಮಾಡಿ ಮುಗಿಸಿದ್ದೇನೆ, ಬಹುಪಾಲು. ಏನೇನು ಮಾಡಿದೆ, ಎಲ್ಲೆಲ್ಲಿ ಎಡವಿದೆ ಅನ್ನೋದನ್ನ ಬರೆದಿಡುತ್ತಿದ್ದೇನೆ. ಎಡವಿದ್ದೇ ಜಾಸ್ತಿ.

ಕಾರು 1966ರ ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನಲ್ಲಿ ತಯಾರಾದದ್ದು, ಎರಡು ಬಾಗಿಲು, 948 ಸಿಸಿ ಎಂಜಿನ್. ನಮ್ಮ ಮಾವ ತೆಗೆದುಕೊಂಡಾಗಲೇ ಇದಕ್ಕೆ ತಗಡಿನ ಟಾಪ್ ಇರಲಿಲ್ಲ. ಹೆರಾಲ್ಡ್‌ನಲ್ಲಿ ಟಾಪ್ ವೆಲ್ಡ್ ಮಾಡಿರುವುದಿಲ್ಲ, ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಕೆಳಗೆ ಬೇರೆ ಛಾಸಿ (ಬಾಡಿಯನ್ನು ಹೊರುವ ಅಡಿ ಚೌಕಟ್ಟು) ಇರುವುದರಿಂದ ಟಾಪ್ ಬಿಚ್ಚಿದರೂ ಗಾಡಿ ಓಡುತ್ತೆ. ಹಿಂದಿನ ಮಾಲೀಕರು ಯಾರೋ ಅದನ್ನು ಬಿಚ್ಚಿಟ್ಟು ರೆಕ್ಸಿನ್ ಹುಡ್ ಹಾಕಿಸಿದ್ದರು. ಬೇಸಿಗೆ ಸಂಜೆಗೆ ಬಲು ಚೆಂದ. ತೀರ್ಥಹಳ್ಳಿ ಮಳೆಯಲ್ಲಿ ಏನಾಗುತ್ತೆ ಅಂತ ಚೊಂಬಿನ ಲೆಕ್ಕದಲ್ಲೇ ಹೇಳಿದೆನಲ್ಲ.

ಏಪ್ರಿಲ್ 27, 2025. ಎಲ್ಲಿ ಸೋರುತ್ತೆ?

ಪೈಪ್ ಹಿಡಿದು ಮೇಲಿಂದ ಇಡೀ ಕಾರಿಗೆ ನೀರು ಬಿಟ್ಟೆ. ಐದು ನಿಮಿಷಕ್ಕೆ ಒಳಗೆಲ್ಲಾ ಒದ್ದೆ. ಬಾಗಿಲ ಸುತ್ತಲಿನ ರಬ್ಬರ್ ಒಣಗಿದ ಅಡಿಕೆ ಹಾಳೆ ಥರ ಗಟ್ಟಿಯಾಗಿ, ಬಗ್ಗಿಸಿದರೆ ಲಟಕ್ ಅಂತ ಮುರಿಯುತ್ತಿತ್ತು. ಸರಿ, ನೀರು ಬರುತ್ತಿರುವುದು ಇಲ್ಲಿಂದಲೇ ಅಂದುಕೊಂಡೆ.

ಇದು ಮೊದಲನೇ ತಪ್ಪು, ದೊಡ್ಡದೂ ಹೌದು. ಮೇಲಿಂದ ನೀರು ಬಿಟ್ಟರೆ ಎಲ್ಲಾ ಕಡೆಯಿಂದಲೂ ಬರುತ್ತೆ, ಏನೂ ಗೊತ್ತಾಗಲ್ಲ. ಕೆಳಗಿನಿಂದ ಶುರು ಮಾಡಬೇಕಿತ್ತು. ಅದು ತಿಳಿದಿದ್ದು ಒಂದು ತಿಂಗಳ ನಂತರ.

ಹೊಸ ರಬ್ಬರ್ ಎಲ್ಲಿ ಸಿಗುತ್ತೆ ಅಂತ ವಿಚಾರಿಸಿದೆ. ಇಂಗ್ಲೆಂಡಿನಲ್ಲಿ ಹೆರಾಲ್ಡ್‌ಗೆ ಅಂತಲೇ ಅಚ್ಚು ಹಾಕಿದ ರಬ್ಬರ್ ಈಗಲೂ ಮಾರುತ್ತಾರೆ. ಆದರೆ ಸಾಗಣೆ, ಸುಂಕ ಸೇರಿಸಿದರೆ ರಬ್ಬರ್‌ಗಿಂತ ಅದೇ ದುಬಾರಿ. ಅಲ್ಲಿರುವ ಷಡ್ಡಕ ಊರಿಗೆ ಬರುವುದು ಡಿಸೆಂಬರ್‌ಗೆ, ಮಳೆ ಬರುವುದು ಜೂನ್‌ಗೆ. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸ್ನೇಹಿತನ ಕೈಲಿ ಮುಂದಿನ ಗಾಜಿನ ರಬ್ಬರ್ ತರಿಸಿದೆ, 1,850 ರೂಪಾಯಿ. ಬಾಗಿಲಿಗೆ ಅಂತ ಡಿ ಆಕಾರದ ರಬ್ಬರ್ ಬೀಡಿಂಗ್ 12 ಮೀಟರ್, ಮೀಟರ್‌ಗೆ 65. ಉಳಿದದ್ದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಸಿಕ್ಕಿತು.

ಮೇ 4. ಬಿಚ್ಚುವ ಕೆಲಸ

ಹಳೇ ರಬ್ಬರ್ ತೆಗೆಯಲು ಅರ್ಧ ಗಂಟೆ, ಅದರ ಕೆಳಗಿನ ಅಂಟು ತೆಗೆಯಲು ಐದೂವರೆ ಗಂಟೆ. ಯಾವ ಕಾಲದ ಅಂಟೋ ಏನೋ, ಬೆಲ್ಲದ ಪಾಕ ಹೆಚ್ಚಾಗಿ ಬಾಣಲೆಗೆ ಹತ್ತಿದ ಹಾಗಿತ್ತು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಪೇಂಟ್ ಏಳುತ್ತೆ. ಕೊನೆಗೆ ತೋಟದ ಮನೆಯಿಂದ ಅಡಿಕೆ ಮರ ಸೀಳಿದ ದಬ್ಬೆ ತಂದು, ಒಂದು ತುದಿ ಉಳಿ ಥರ ಕೆತ್ತಿಕೊಂಡೆ. ಗೀರು ಬೀಳದ ಹಾಗೆ ಕೆರೆಯಲು ಇದಕ್ಕಿಂತ ಒಳ್ಳೇ ಸಾಮಾನು ನನಗೆ ಸಿಕ್ಕಿಲ್ಲ. ಆಮೇಲೆ ಗಾಜಿನ ರಬ್ಬರ್ ಕೂರಿಸುವಾಗಲೂ ಇದೇ ಉಪಯೋಗಕ್ಕೆ ಬಂತು.

ಅಂಟು ಮೆತ್ತಗಾಗಲಿ ಅಂತ ಸೀಮೆಎಣ್ಣೆ ಹಚ್ಚಿದೆ. ಮೆತ್ತಗೇನೋ ಆಯಿತು. ಆದರೆ ತಗಡಿನ ಮೇಲೆ ಎಣ್ಣೆ ಪಸೆ ಉಳಿದುಬಿಟ್ಟಿತು, ಬಟ್ಟೆಯಲ್ಲಿ ಎಷ್ಟು ಒರೆಸಿದರೂ ಹೋಗಲಿಲ್ಲ. ಅದರ ಮೇಲೆ ಹೊಸ ಅಂಟು ಹಿಡಿಯಲ್ಲ. ಎರಡನೇ ಸಲ ಪೆಟ್ರೋಲ್‌ನಲ್ಲಿ ಒರೆಸಿದೆ. ಥಿನ್ನರ್ ಬೇಗ ಕೆಲಸ ಮಾಡುತ್ತೆ ನಿಜ, ಆದರೆ ಈ ಗಾಡಿಯ ಪೇಂಟೂ ಅದರ ಜೊತೆ ಎದ್ದು ಬರುತ್ತೆ. ಬಲ ಬಾಗಿಲ ಒಳ ಅಂಚಿನಲ್ಲಿ ಒಂದು ಗೇಣು ಹಾಗೇ ಹೋಯಿತು.

ಮೇ 11. ಮುಂದಿನ ಗಾಜು, ಮೊದಲ ಸಲ

ಹಳೇ ರಬ್ಬರ್ ಹೇಗೂ ಎಸೆಯುವುದು ತಾನೇ, ಬ್ಲೇಡಿನಿಂದ ಹೊರಗಿನ ತುಟಿಯನ್ನು ಸುತ್ತಲೂ ಕುಯ್ದುಬಿಟ್ಟೆ. ಒಳಗಿಂದ ಎರಡೂ ಅಂಗೈ ಇಟ್ಟು ನಿಧಾನ ಒತ್ತಿದಾಗ ಗಾಜು ಹೊರಗೆ ಬಂತು. ಈ ಗಾಜು ಒಡೆದರೆ ಇನ್ನೊಂದು ಹುಡುಕುವುದು ಕಷ್ಟ. ಅದಕ್ಕೇ ಗಾಜು ಕೂರಿಸುವ ಕೆಲಸದವರೊಬ್ಬರನ್ನು ಕರೆಸಿದ್ದೆ, 600 ರೂಪಾಯಿ.

ಅವರು ಮಾಡಿದ ರೀತಿ ನೋಡುವುದೇ ಒಂದು ಪಾಠ. ಮೊದಲು ರಬ್ಬರನ್ನು ಗಾಜಿಗೆ ಸುತ್ತಿದರು. ಅದರ ಇನ್ನೊಂದು ಸಂದಿಯಲ್ಲಿ, ಅಂದರೆ ತಗಡಿನ ಅಂಚು ಕೂರಬೇಕಾದ ಕಡೆ, ನೈಲಾನ್ ದಾರ ಸುತ್ತಿ ಎರಡೂ ತುದಿಯನ್ನು ಕೆಳಗೆ ನಡುಮಧ್ಯ ಒಂದರ ಮೇಲೊಂದು ದಾಟಿಸಿ ಸಂದಿಯಿಂದ ಆಚೆ ಇಳಿಬಿಟ್ಟರು. ಸೋಪಿನ ನೀರು ಸವರಿ, ಗಾಜನ್ನು ಹೊರಗಿಂದ ಫ್ರೇಮಿಗೆ ಇಟ್ಟರು. ನಾನು ಹೊರಗಿಂದ ಅಂಗೈಯಲ್ಲಿ ತಟ್ಟುತ್ತಾ ಹೋದೆ, ಅವರು ಒಳಗೆ ಕೂತು ದಾರ ಎಳೆಯುತ್ತಾ ಹೋದರು. ದಾರ ಬಂದ ಹಾಗೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಮಗುಚಿಕೊಳ್ಳುತ್ತೆ. ಸಂಡಿಗೆ ಎಣ್ಣೆಯಲ್ಲಿ ಅರಳಿದ ಹಾಗೆ, ಒಂದೊಂದೇ ಅಂಗುಲ.

ಮೂಲೆಯಲ್ಲಿ ನಾನು ಅವಸರ ಮಾಡಿ ಜೋರಾಗಿ ತಟ್ಟಿದೆ. "ಸಾರ್, ಹೊಡೀಬೇಡಿ, ಒತ್ತಿ ಸಾಕು. ಮೂಲೇಲೇ ಬಿರುಕು ಬಿಡೋದು" ಅಂದರು. ಆಮೇಲೆ ಸುಮ್ನೆ ಒತ್ತಿದೆ.

ರಬ್ಬರಿನ ಜೋಡಣೆ ಎಲ್ಲಿ ಬರಬೇಕು ಅಂತ ಮೊದಲೇ ನೋಡಿಕೊಳ್ಳಿ. ಮೇಲೆ ಬಂದರೆ ನೀರು ಅಲ್ಲೇ ಇಳಿಯಲು ಶುರುವಾಗುತ್ತೆ. ನಾವು ಕೆಳಗೆ, ನಡುವೆ ತಂದೆವು.

ಮೇ 14ರಿಂದ 18. ಬಾಗಿಲು ಮುಚ್ಚುತ್ತಿಲ್ಲ

ಡಿ ಬೀಡಿಂಗನ್ನು ಎಡ ಬಾಗಿಲ ಸುತ್ತ ಅಂಟಿಸಿದೆ. ಅಂಟು ಫೆವಿಕಾಲ್ ಎಸ್‌ಆರ್ 998, ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಕೂರಿಸಿದ್ದು. ನೋಡಲು ಬಹಳ ಅಂದವಾಗಿತ್ತು. ಬಾಗಿಲು ಹಾಕಿದೆ. ಮುಚ್ಚಲಿಲ್ಲ. ಜೋರಾಗಿ ಹಾಕಿದೆ. ಲಾಕ್ ಮೊದಲ ಹಲ್ಲಿಗೆ ಬಂದು ನಿಂತಿತು. ಸೊಂಟ ಕೊಟ್ಟು ದೂಡಿದರೆ ಮುಚ್ಚಿಕೊಳ್ಳುತ್ತೆ, ಆದರೆ ಬಾಗಿಲು ಮಟ್ಟಕ್ಕಿಂತ 6 ಮಿ.ಮೀ. ಹೊರಗೆ ಚಾಚಿಕೊಂಡಿರುತ್ತೆ. ಎರಡು ದಿನ ಹಾಗೇ ಮುಚ್ಚಿಟ್ಟೆ, ರಬ್ಬರ್ ಒತ್ತಿಕೊಂಡು ಸರಿಹೋಗಬಹುದು ಅಂತ. ಹೋಗಲಿಲ್ಲ. ಈ ರಬ್ಬರ್ ಗಟ್ಟಿ ಜಾತಿಯದು, ಒತ್ತಿದರೆ ಒಳಗೆ ಹೋಗುವಂಥದ್ದಲ್ಲ.

ಶಿವಮೊಗ್ಗದಲ್ಲಿ ಕುಶನ್ ಕೆಲಸ ಮಾಡುವ ಹಿರಿಯರೊಬ್ಬರಿಗೆ ತುಂಡು ತೋರಿಸಿದೆ. ಎರಡು ಬೆರಳಲ್ಲಿ ಹಿಂಡಿ ನೋಡಿ ನಕ್ಕರು. "ಇದು ಬಸ್ಸಿನ ಡಿಕ್ಕಿಗೆ ಹಾಕೋದು. ಎಷ್ಟು ಸಂದಿ ಇದೆ ಅಂತ ಅಳತೆ ಮಾಡಿದೀರಾ?" ಮಾಡಿರಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ಒಳಗಿನ ಸಂದಿ ಅಳೆಯುವುದು ಹೇಗೆ? ಚಪಾತಿ ಹಿಟ್ಟು. ಅಡುಗೆಮನೆಯಿಂದ ಗಟ್ಟಿಯಾಗಿ ಕಲಸಿದ ಹಿಟ್ಟು ತಂದು, ನಿಂಬೆಹಣ್ಣಿಗಿಂತ ಚಿಕ್ಕ ಉಂಡೆ ಮಾಡಿ, ಪ್ಲಾಸ್ಟಿಕ್ ಕವರಿನ ಚೂರಲ್ಲಿ ಸುತ್ತಿ, ಬಾಗಿಲ ಚೌಕಟ್ಟಿಗೆ ಒಂದೊಂದು ಅಡಿಗೆ ಒಂದರಂತೆ ಅಂಟಿಸಿದೆ. ಬಾಗಿಲನ್ನು ಮೆಲ್ಲಗೆ ಪೂರ್ತಿ ಮುಚ್ಚಿ ತೆರೆದರೆ ಪ್ರತಿ ಉಂಡೆ ಚಪ್ಪಟೆಯಾಗಿ ಅಲ್ಲಿನ ಸಂದಿಯಷ್ಟೇ ದಪ್ಪ ಉಳಿದಿರುತ್ತೆ. ಅದನ್ನು ವರ್ನಿಯರ್‌ನಲ್ಲಿ ಅಳೆದೆ. "ರೀ, ಇದು ವಾಪಸ್ ಅಡುಗೆಮನೆಗೆ ಬರೋದು ಬೇಡ" ಅಂತ ಜಗಲಿಯಿಂದ ಆಜ್ಞೆ ಆಯಿತು.

ಎಡ ಬಾಗಿಲಿನ ಲೆಕ್ಕ: ಹಿಂಜ್ ಕಡೆ 4ರಿಂದ 5 ಮಿ.ಮೀ., ಕೆಳಗೆ 8, ಲಾಕ್ ಕಡೆ 9, ಹಿಂದಿನ ಕೆಳ ಮೂಲೆಯಲ್ಲಿ 11. ನಾನು ಅಂಟಿಸಿದ್ದ ರಬ್ಬರ್ ಎಲ್ಲಾ ಕಡೆಯೂ 14! ಬಲ ಬಾಗಿಲು ಮತ್ತೂ ಬೇರೆ, ಅದು ವಯಸ್ಸಾಗಿ ಸ್ವಲ್ಪ ಜೋತುಬಿದ್ದಿದೆ. ಮೊದಲು ಅದರ ಹಿಂಜ್ ಬೋಲ್ಟ್ ಸಡಿಲ ಮಾಡಿ ಬಾಗಿಲನ್ನು 3 ಮಿ.ಮೀ. ಎತ್ತಿಸಿ ಬಿಗಿ ಮಾಡಿದೆ, ಆಮೇಲೆ ಮತ್ತೆ ಉಂಡೆ ಇಟ್ಟೆ. ಬಾಗಿಲು ಮಟ್ಟಕ್ಕೆ ಬಾರದೆ ರಬ್ಬರ್ ಅಳತೆ ತೆಗೆದುಕೊಂಡರೆ ಆ ಅಳತೆ ದಂಡ.

ಹೊಸದಾಗಿ ಮೆತ್ತನೆಯ ಸ್ಪಂಜ್ ರಬ್ಬರ್ 10 ಮೀಟರ್ ತಂದೆ, 900 ರೂಪಾಯಿ. ಹಿಂಜ್ ಕಡೆಗೆ 6 ಮಿ.ಮೀ.ನ ಚಪ್ಪಟೆ ಪಟ್ಟಿ, ಉಳಿದ ಕಡೆಗೆ 12ರ ಟೊಳ್ಳು ರಬ್ಬರ್. ಬಾಗಿಲ ಚೌಕಟ್ಟಿನ ತಗಡಿನ ಅಂಚಿಗೆ ಒಳಗೆ ಕ್ಲಿಪ್ ಇರುವ ಗ್ರಿಪ್ ಬೀಡಿಂಗ್ 7 ಮೀಟರ್, 840. ಅದಕ್ಕೆ ಅಂಟು ಬೇಡ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಕಚ್ಚಿಕೊಳ್ಳುತ್ತೆ.

ಮೇ 20. ಎಳೆದು ಅಂಟಿಸಬೇಡಿ

ಸಂಜೆ ಆಫೀಸಿನಿಂದ ಬಂದು ಎರಡೂ ಬಾಗಿಲು ಮುಗಿಸಿದೆ. ನೆಟ್ಟಗೆ ಬರಲಿ ಅಂತ ರಬ್ಬರನ್ನು ಸ್ವಲ್ಪ ಎಳೆದುಕೊಂಡೇ ಅಂಟಿಸುತ್ತಾ ಹೋದೆ, ಗೋಡೆಗೆ ದಾರ ಹಿಡಿದ ಹಾಗೆ. ರಾತ್ರಿ ಒಂಬತ್ತಕ್ಕೆ ಎರಡು ತುದಿ ಸರಿಯಾಗಿ ಕೂಡಿದ್ದವು. ಬೆಳಿಗ್ಗೆ ನೋಡಿದರೆ ಎರಡು ತುದಿಯ ನಡುವೆ 18 ಮಿ.ಮೀ. ಬಾಯಿ ಬಿಟ್ಟುಕೊಂಡಿದೆ! ಮೂಲೆಗಳಲ್ಲಿ ಅಂಟು ಬಿಟ್ಟು ರಬ್ಬರ್ ಅಡ್ಡದಾರಿ ಹಿಡಿದಿದೆ. ಎಳೆದ ರಬ್ಬರ್ ರಾತ್ರಿಯೆಲ್ಲಾ ತನ್ನ ಉದ್ದಕ್ಕೆ ವಾಪಸ್ ಹೋಗಿದೆ, ಅಷ್ಟೇ.

ಮತ್ತೆ ಕಿತ್ತು, ಒರೆಸಿ, ಈ ಸಲ ಪ್ರತಿ ಅಡಿಗೂ ಒಂಚೂರು ಹಿಂದಕ್ಕೆ ದೂಡಿ, ಅಂದರೆ ಸಡಿಲ ಬಿಟ್ಟೇ ಅಂಟಿಸಿದೆ. ತುದಿಯನ್ನು 5 ಮಿ.ಮೀ. ಉದ್ದ ಬಿಟ್ಟು ಕತ್ತರಿಸಿ ಒತ್ತಿ ಕೂಡಿಸಿದೆ. ಬಾಗಿಲು ಒಂದು ಕೈಯಲ್ಲಿ ಟಪ್ ಅಂತ ಮುಚ್ಚಿತು. ಹಳೇ ಕರೆಂಟ್ ಬಿಲ್ ಒಂದನ್ನು ಸಂದಿಯಲ್ಲಿಟ್ಟು ಬಾಗಿಲು ಹಾಕಿ ಎಳೆದು ನೋಡಿದೆ. ಸುತ್ತಲೂ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಕೆಲಸ ಮುಗಿಯಿತು ಅಂತ ಮಾವನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ.

ಮೇ 24. ಮಳೆ ಬಂತು, ನೀರೂ ಬಂತು

ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರಬೇಕಾದ ಮುಂಗಾರು ಈ ಸಲ ಮೇ 24ಕ್ಕೇ ಬಂದುಬಿಟ್ಟಿತು. ನಮ್ಮಲ್ಲೂ ಅವತ್ತೇ ಜಡಿಮಳೆ. ಕಾರನ್ನು ಶೆಡ್ಡಿನಿಂದ ಹೊರಗೆ ತಂದು ಒಳಗೆಲ್ಲಾ ಒಣ ಪತ್ರಿಕೆ ಹಾಸಿ ಬಾಗಿಲು ಮುಚ್ಚಿದೆ. ಒಂದು ಗಂಟೆ ಬಿಟ್ಟು ನೋಡಿದರೆ ಸೀಟಿನ ಪಕ್ಕ, ಬಾಗಿಲ ಕೆಳಗೆ ಪತ್ರಿಕೆ ಒಣಗೇ ಇದೆ. ಡ್ರೈವರ್ ಕಾಲಿಡುವ ಜಾಗದ ಪತ್ರಿಕೆ ಮುದ್ದೆ. ಎಡಗಡೆಯೂ ಅಷ್ಟೇ.

ಆಗ ಸರಿಯಾದ ಕ್ರಮದಲ್ಲಿ ಪರೀಕ್ಷೆ ಮಾಡಿದೆ. ಮಗಳು ಟಾರ್ಚ್ ಹಿಡಿದು ಒಳಗೆ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಮಲಗಿದಳು. ಶೆಡ್ಡಿನೊಳಗೆ ತಂದು ಒರೆಸಿ, ಪೈಪಿನ ನೀರನ್ನು ಸಣ್ಣಗೆ ಬಿಟ್ಟುಕೊಂಡು ಬಾಗಿಲ ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗದಲ್ಲೂ ಎರಡು ನಿಮಿಷ ನಿಂತು, ಮೇಲಕ್ಕೆ ಹೋದೆ. ಬಾಗಿಲ ಸುತ್ತ ಏನೂ ಇಲ್ಲ. ಬಾನೆಟ್ ಹಿಂದಿನ ಅಂಚು, ಇಲ್ಲ. ಗಾಜಿನ ಫ್ರೇಮ್ ಬಾಡಿಗೆ ಕೂರುವ ಜೋಡಣೆಗೆ ನೀರು ಹಿಡಿದ ಕೂಡಲೇ ಒಳಗಿಂದ ಕೂಗು: "ಅಪ್ಪಾ, ಬಂತು ಬಂತು, ನನ್ ಮೂಗಿನ ಮೇಲೇ!"

ಹೆರಾಲ್ಡ್‌ನಲ್ಲಿ ಮುಂದಿನ ಗಾಜಿನ ಫ್ರೇಮ್ ಕೂಡ ಬೋಲ್ಟ್ ಹಾಕಿ ಕೂರಿಸಿದ ಬೇರೆ ತುಂಡು. ಅದರ ಕೆಳಗೆ ಒಂದು ರಬ್ಬರ್ ಇರಬೇಕು. ಗಾಜಿನ ರಬ್ಬರ್ ಬದಲಾಯಿಸಿದೆ, ಅದರಿಂದ ನಾಲ್ಕು ಬೆರಳು ಕೆಳಗೆ ಇದ್ದ ಈ ಜೋಡಣೆಯನ್ನು ತಿರುಗಿಯೂ ನೋಡಿರಲಿಲ್ಲ.

ಇನ್ನೊಂದು. ಬಾಗಿಲ ಗಾಜಿನ ಮೇಲೆ ಬಿದ್ದ ಮಳೆ ನೀರು ಬಾಗಿಲ ಒಳಗೆ ಇಳಿಯುವುದು ಸಹಜ, ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕು. ಬಲ ಬಾಗಿಲು ಅಲ್ಲಾಡಿಸಿದರೆ ಒಳಗೆ ಗುಳುಗುಳು ಸದ್ದು. ತೂತುಗಳು ಮಣ್ಣು, ತುಕ್ಕು, ಹಳೇ ಪೇಂಟಿನಿಂದ ಕಟ್ಟಿಕೊಂಡಿದ್ದವು. ಛತ್ರಿ ಕಡ್ಡಿಯಿಂದ ಚುಚ್ಚಿದೆ, ಒಂದು ಬಕೆಟ್ಟಿನ ತಳ ಮುಚ್ಚುವಷ್ಟು ಕಂದು ನೀರು ಇಳಿಯಿತು. ಖರ್ಚು ಸೊನ್ನೆ. ಇದನ್ನು ಮೊದಲ ದಿನವೇ ಮಾಡಬಹುದಿತ್ತು.

ಮೇ 25. ಮಾಡಿದ್ದನ್ನೇ ಬಿಚ್ಚಿದ್ದು

ಫ್ರೇಮ್ ಎತ್ತುವ ಮುಂಚೆ ಗಾಜು ತೆಗೆಯೋಣ ಅಂದುಕೊಂಡೆ. ಎರಡು ವಾರದ ಹಿಂದೆ ಕೂರಿಸಿದ ಗಾಜು. ಹೊಸ ರಬ್ಬರನ್ನು ಕುಯ್ಯುವ ಹಾಗಿಲ್ಲ. ಒಳಗಿನಿಂದ ದಬ್ಬೆಯಲ್ಲಿ ತುಟಿಯನ್ನು ಒಂದೊಂದೇ ಅಂಗುಲ ಮಗುಚಿ ಹೊರಗೆ ದೂಡಿದೆ, ಮುಕ್ಕಾಲು ಗಂಟೆ ಹಿಡಿಯಿತು. ಗಾಜು ಉಳಿಯಿತು, ರಬ್ಬರೂ ಉಳಿಯಿತು.

ಬೋಲ್ಟ್ ವಿಷಯದಲ್ಲಿ ಒಂದು ಮಾತು. ಇದು ಇಂಗ್ಲಿಷ್ ವಿನ್ಯಾಸದ ಗಾಡಿ, ಅಳತೆ ಇಂಚಿನದು. ಅರ್ಧ ಇಂಚಿನ ತಲೆಗೆ 13ರ ಸ್ಪ್ಯಾನರ್ ಹಾಕಿದರೆ ಕೂತ ಹಾಗೇ ಅನಿಸುತ್ತೆ, ಆದರೆ ಅರ್ಧ ಇಂಚು ಅಂದರೆ 12.7. ತುಕ್ಕು ಹಿಡಿದ ಬೋಲ್ಟಿಗೆ ಆ 0.3 ಮಿ.ಮೀ. ಸಾಕು. ಒಂದರ ತಲೆ ದುಂಡಗೆ ಮಾಡಿಟ್ಟೆ. ಆಮೇಲೆ ಪಕ್ಕದ ಗ್ಯಾರೇಜಿನಿಂದ ಅರ್ಧ ಇಂಚಿನ ರಿಂಗ್ ಸ್ಪ್ಯಾನರ್ ತಂದು, ರಾತ್ರಿಯೆಲ್ಲಾ ಡಬ್ಲ್ಯೂಡಿ-40 ಕುಡಿಸಿ, ಉಳಿದವನ್ನು ಬಿಚ್ಚಿದೆ. ದುಂಡಗಾದದ್ದನ್ನು ಅರದಿಂದ ಉಜ್ಜಿ 11ಕ್ಕೆ ಇಳಿಸಿ ತೆಗೆಯಬೇಕಾಯಿತು.

ಫ್ರೇಮ್ ಎತ್ತಿದಾಗ ಕೆಳಗೆ ಕಂಡದ್ದು ಹಳೇ ರಬ್ಬರಿನ ಪುಡಿ, ಅದರ ಮೇಲೆ ಬೆಳ್ಳಗೆ ಸಿಲಿಕೋನ್. ಅದರ ಅಡಿಯಲ್ಲಿ ಬೆಳ್ಳುಳ್ಳಿ ಸಿಪ್ಪೆ ಥರ ಪದರ ಪದರ ಎದ್ದ ತುಕ್ಕು. ಸಿಲಿಕೋನ್ ಹಚ್ಚಿದ್ದು ಬೇರೆ ಯಾರೂ ಅಲ್ಲ, ನಾನೇ, ಎರಡು ವರ್ಷದ ಹಿಂದೆ. ಬಾತ್‌ರೂಮಿಗೆ ತಂದಿದ್ದ ಟ್ಯೂಬಿನಲ್ಲಿ ಉಳಿದಿತ್ತು ಅಂತ ಹೊರಗಿನಿಂದ ಬಳಿದಿದ್ದೆ. ವಿನಿಗರ್ ವಾಸನೆ ಬರುವ ಸಿಲಿಕೋನ್ ಅದು. ಆ ಹುಳಿ ತಗಡನ್ನು ತಿನ್ನುತ್ತೆ. ಜೊತೆಗೆ ಒಳಗೆ ಸೇರಿದ ನೀರು ಹೊರಗೆ ಹೋಗದಂತೆ ಮುಚ್ಚಿಯೂ ಬಿಟ್ಟಿತ್ತು. ಅದೃಷ್ಟಕ್ಕೆ ತೂತು ಬಿದ್ದಿರಲಿಲ್ಲ.

ಮೇ 26ರಿಂದ 31. ಒಣಗದ ಪೇಂಟ್

ವೈರ್ ಬ್ರಶ್, 80ರ ಸ್ಯಾಂಡ್ ಪೇಪರ್, ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಎರಡು ಕೋಟ್, ಮೇಲೆ ಪೇಂಟ್. ಬೇಸಿಗೆಯಲ್ಲಿ ಒಂದು ದಿನದ ಕೆಲಸ. ಆ ವಾರದ ಥಂಡಿಯಲ್ಲಿ ರೆಡ್ ಆಕ್ಸೈಡ್ ಎರಡು ದಿನವಾದರೂ ಬೆರಳಿಗೆ ಹತ್ತುತ್ತಿತ್ತು. ಮೇಲೆ ತಾಡಪತ್ರೆ ಇಳಿಬಿಟ್ಟು, ಒಳಗೆ 100 ವ್ಯಾಟಿನ ಹಳೇ ಬಲ್ಬ್ ಉರಿಸಿಟ್ಟೆ. ಬಲ್ಬ್ ತಾಡಪತ್ರೆಗೆ ತಾಗದ ಹಾಗೆ ನೋಡಿಕೊಳ್ಳಿ, ನಮ್ಮದರಲ್ಲಿ ಈಗ ರೂಪಾಯಿ ಅಗಲದ ತೂತಿದೆ.

ಜೂನ್ 1. ಫ್ರೇಮ್ ಮತ್ತು ಗಾಜು, ಎರಡನೇ ಸಲ

ಫ್ರೇಮಿನ ಕೆಳಗಿನ ರಬ್ಬರ್ ಇಲ್ಲೆಲ್ಲೂ ಸಿಗಲಿಲ್ಲ. 6 ಮಿ.ಮೀ.ನ ನಿಯೋಪ್ರೀನ್ ಸ್ಪಂಜ್ ಹಾಳೆ ತಂದು (450 ರೂಪಾಯಿ) 20 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿಕೊಂಡೆ. ಬೋಲ್ಟ್ ತೂತುಗಳನ್ನು ಬಿಸಿ ಮಾಡಿದ ಮೊಳೆಯಲ್ಲಿ ಮಾಡಲು ಹೋದೆ, ಗಬ್ಬು ವಾಸನೆ, ಅಂಚು ಸುಟ್ಟು ಹೋಯಿತು. ಬೆಲ್ಟ್ ಹೊಲಿಯುವವರ ಪಂಚಿನಲ್ಲಿ ಹೊಡೆದರೆ ನೀಟಾಗಿ ಬಂತು. ಪಟ್ಟಿಯ ಎರಡೂ ಮಗ್ಗುಲಿಗೆ ಬ್ಯೂಟೈಲ್ ಟೇಪ್. ಇದು ಯಾವತ್ತೂ ಗಟ್ಟಿಯಾಗಲ್ಲ, ಹಲಸಿನ ಮೇಣದ ಹಾಗೆ ಕಚ್ಚಿಕೊಂಡಿರುತ್ತೆ, ನಾಳೆ ಬಿಚ್ಚಬೇಕು ಅಂದರೂ ಬರುತ್ತೆ. ಬೋಲ್ಟ್‌ಗಳನ್ನು ಒಂದೇ ಕಡೆಯಿಂದ ಬಿಗಿ ಮಾಡುತ್ತಾ ಹೋಗದೆ, ನಡುವಿನಿಂದ ಆಚೆ ಈಚೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಸ್ಪಂಜ್ 6ರಿಂದ ಸುಮಾರು 4ಕ್ಕೆ ಇಳಿದಾಗ ನಿಲ್ಲಿಸಿದೆ.

ಗಾಜು ಕೂರಿಸಲು ಅದೇ ಕೆಲಸದವರನ್ನು ಕರೆದೆ. "ಏನ್ ಸಾರ್, ಮತ್ತೆ?" ಅಂದರು. ಮತ್ತೆ 600.

ಜೂನ್ 8. ಹುಡ್ ಮತ್ತು ವಿಭೂತಿ

ಹೆರಾಲ್ಡಿನ ಬಾಗಿಲ ಗಾಜಿಗೆ ಮೇಲೆ ಚೌಕಟ್ಟಿಲ್ಲ, ನೇರ ಹುಡ್ಡಿನ ಅಂಚಿನ ರಬ್ಬರಿಗೆ ಹೋಗಿ ತಾಗಬೇಕು. ಕುಶನ್ ಹಿರಿಯರು ಹುಡ್ಡಿನ ಎರಡೂ ಮಗ್ಗುಲಿಗೆ, ಮುಂದಿನ ಪಟ್ಟಿಗೆ ಹೊಸ ಸ್ಪಂಜ್ ರಬ್ಬರ್ ಸೇರಿಸಿ ಹೊಲಿದುಕೊಟ್ಟರು, ಕೂಲಿ 1,500. ಗಾಜು ಎಲ್ಲಿ ತಾಗುತ್ತೆ, ಎಲ್ಲಿ ತಾಗಲ್ಲ ಅಂತ ನೋಡಲು ಸೀಮೆಸುಣ್ಣ ಹುಡುಕುತ್ತಿದ್ದೆ. ಅವರು ದೇವರ ಫೋಟೋ ಮುಂದಿನ ವಿಭೂತಿ ಗಟ್ಟಿಯನ್ನೇ ತೆಗೆದು ರಬ್ಬರಿಗೆ ಉಜ್ಜಿದರು. ಗಾಜು ಏರಿಸಿ ಇಳಿಸಿದರೆ ಅಂಚಿನಲ್ಲಿ ಬಿಳಿ ಗೆರೆ. ಹಿಂದಿನ ಮೂರು ಅಂಗುಲ ಮಾತ್ರ ಗೆರೆ ಇಲ್ಲ. ಬಾಗಿಲ ಒಳಬದಿಯ ಪ್ಯಾಡ್ ಬಿಚ್ಚಿ, ಗಾಜು ಏರಿಳಿಯುವ ಚಾನಲ್ಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜನ್ನು ಸ್ವಲ್ಪ ಒಳಗೆ ವಾಲಿಸಿದೆ, ನಾಲ್ಕನೇ ಸಲಕ್ಕೆ ಗೆರೆ ಪೂರ್ತಿ ಬಂತು. ಪ್ಯಾಡ್ ಬಿಚ್ಚಿದಾಗಲೇ ಚಾನಲ್ಲಿನ ಫೆಲ್ಟ್ ಬದಲಿಸಿದೆ (600), ಪ್ಯಾಡಿನ ಹಿಂದೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ.

ಒಟ್ಟು ಖರ್ಚು 9,850 ರೂಪಾಯಿ. ಮೇಲೆ ಹೇಳಿದ್ದರ ಜೊತೆ ಬ್ಯೂಟೈಲ್ ಟೇಪ್ ಎರಡು ಸುರುಳಿ 640, ಅಂಟು 380, ಪೇಂಟ್, ಪೆಟ್ರೋಲ್, ಬ್ಲೇಡ್ ಅದೂ ಇದೂ ಸೇರಿ 710. ಇದರಲ್ಲಿ ಬಸ್ಸಿನ ಡಿಕ್ಕಿ ರಬ್ಬರಿನ 780, ಎರಡನೇ ಸಲ ಗಾಜು ಕೂರಿಸಿದ 600 ಶುದ್ಧ ದಂಡ. ತಾಡಪತ್ರೆ ಲೆಕ್ಕಕ್ಕೆ ಹಿಡಿದಿಲ್ಲ. ಆ ಗಟ್ಟಿ ರಬ್ಬರಿನ ಉಳಿದ ತುಂಡು ಈಗ ಕೊಟ್ಟಿಗೆ ಬಾಗಿಲಿಗೆ ಹಾಕಿದೆ, ಅಲ್ಲಿ ಚೆನ್ನಾಗಿದೆ.

ಜೂನ್ 15ಕ್ಕೆ ಆಗುಂಬೆ ತನಕ ಹೋಗಿ ಬಂದೆವು. ಮಳೆ ಹೇಗಿತ್ತು ಅಂದರೆ ವೈಪರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಾಲ ಕೆಳಗಿನ ಪತ್ರಿಕೆ ಒಣಗೇ ಇತ್ತು. ಎಡಗಡೆಯ ಚಿಕ್ಕ ತಿರುಗುವ ಗಾಜಿನ ಕೆಳಮೂಲೆಯಿಂದ ಮಾತ್ರ ನಿಮಿಷಕ್ಕೆ ಒಂದು ಹನಿ, ಸರಿಯಾಗಿ ಹೆಂಡತಿಯ ಮೊಣಕಾಲಿನ ಮೇಲೆ. ಆ ರಬ್ಬರನ್ನು ಡಿಸೆಂಬರ್‌ಗೆ ತರಲು ಷಡ್ಡಕನಿಗೆ ಹೇಳಿದ್ದೇನೆ. ಅಲ್ಲಿವರೆಗೆ ಅವಳ ಕೈಲಿ ಒಂದು ಟವೆಲ್ ಇರುತ್ತೆ.